ಗೊಂಬೆಮನೆಯ ಸಾಮಾನು ಕೊಳ್ಳುವಾಗ ಪೊಟ್ಟಣದ ಮೇಲಿನ ಅಂಕಿಯನ್ನು ನಂಬಬೇಡಿ

ಗೊಂಬೆಮನೆಯ ಪೀಠೋಪಕರಣ, ದೀಪ, ಗೋಡೆಕಾಗದಗಳನ್ನಷ್ಟೇ ಮಾರುವ ಒಂದು ಮಳಿಗೆಯಲ್ಲಿ ನನಗಾದ ನಷ್ಟ ಇನ್ನೊಬ್ಬರಿಗೆ ಆಗದಿರಲೆಂದು ಇದನ್ನು ಬರೆಯುತ್ತಿದ್ದೇನೆ. ಇದಕ್ಕಾಗಿಯೇ ಮೀಸಲಾದ ಅಂಗಡಿಯೆಂದರೆ ಅಲ್ಲಿನವರಿಗೆ ಅಳತೆಯ ಅರಿವು ಇದ್ದೇ ಇರುತ್ತದೆಂದು ಗ್ರಾಹಕರು ಭಾವಿಸುವುದು ಸಹಜ. ಆ ಅಂಗಡಿ ಲಾಭ ಮಾಡಿಕೊಳ್ಳುತ್ತಿರುವುದು ಆ ಭಾವನೆಯಿಂದಲೇ.

ಗೊಂಬೆಮನೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1:12ರ ಪ್ರಮಾಣ, ಅಂದರೆ ನಿಜವಾದ ಒಂದು ಅಡಿ ಇಲ್ಲಿ ಒಂದು ಅಂಗುಲ. 1:24ರ ವಸ್ತು ಅದರ ಅರ್ಧದಷ್ಟೇ ಇರುವುದರಿಂದ ನೋಡಿದ ಕೂಡಲೇ ತಿಳಿಯುತ್ತದೆ. ಆದರೆ 1:16ರ ವಸ್ತುವನ್ನು ಒಂಟಿಯಾಗಿ ಕೈಯಲ್ಲಿ ಹಿಡಿದರೆ ಎಂಥವರ ಕಣ್ಣೂ ಮೋಸಹೋಗುತ್ತದೆ. ನನಗೆ ಮಾರಿದ ಊಟದ ಮೇಜಿನ ಪೊಟ್ಟಣದ ಮೇಲೆ 1:12 ಎಂದು ಸ್ಪಷ್ಟವಾಗಿ ಮುದ್ರಿಸಿತ್ತು. 30 ಅಂಗುಲ ಎತ್ತರದ ಮೇಜು ಈ ಪ್ರಮಾಣದಲ್ಲಿ ಸುಮಾರು 63 ಮಿಲಿಮೀಟರ್ ಇರಬೇಕು. ಅಳೆದಾಗ ಸಿಕ್ಕಿದ್ದು 48, ಅಂದರೆ ಅದು 1:16ರ ಮೇಜು. ಅದೇ ಅಂಗಡಿಯ ಕುರ್ಚಿಗಳು ಮಾತ್ರ ನಿಜವಾಗಿ 1:12ರವೇ ಆಗಿದ್ದು, ಅವುಗಳ ಆಸನದ ಎತ್ತರ 38 ಮಿಲಿಮೀಟರ್ ಇದ್ದುದರಿಂದ, ಮೇಜಿನ ಹಲಗೆಗೂ ಆಸನಕ್ಕೂ ನಡುವೆ ಗೊಂಬೆಯ ಮೊಣಕಾಲು ತೂರುವಷ್ಟು ಜಾಗವೂ ಉಳಿಯಲಿಲ್ಲ. ಮೇಜನ್ನು ಹಿಂತಿರುಗಿಸಲು ಹೋದರೆ, ಪೊಟ್ಟಣ ತೆರೆದಿದ್ದೀರಿ, ವಾಪಸು ಪಡೆಯುವುದಿಲ್ಲ ಎಂಬ ಉತ್ತರ ಬಂತು. ತೆರೆಯದೆ ಅಳೆಯುವುದು ಹೇಗೆಂಬ ಪ್ರಶ್ನೆಗೆ ಮಾತ್ರ ಅವರಲ್ಲಿ ಉತ್ತರವಿರಲಿಲ್ಲ.

ದೀಪಗಳ ವಿಷಯ ಇದಕ್ಕಿಂತ ಗಂಭೀರವಾದದ್ದು. ಗೊಂಬೆಮನೆಯ ವೈರಿಂಗ್ ಸಾಮಾನ್ಯವಾಗಿ 12 ವೋಲ್ಟ್‌ನದು. ಬಿಳಿ ಎಲ್‌ಇಡಿಗೆ ಬೇಕಾಗುವುದು ಸುಮಾರು 3 ವೋಲ್ಟ್ ಮಾತ್ರ. ಅದನ್ನು 12 ವೋಲ್ಟ್‌ಗೆ ಸೇರಿಸಬೇಕಾದರೆ ಸರಣಿಯಲ್ಲಿ, ಹರಿಯುವ ವಿದ್ಯುತ್ತನ್ನು ಮಿತಿಗೊಳಿಸುವ ರೆಸಿಸ್ಟರ್ ಇರಲೇಬೇಕು. 12 ವೋಲ್ಟ್‌ನದೆಂದು ಹೇಳಿ ಕೊಟ್ಟ ತೂಗುದೀಪದಲ್ಲಿ ರೆಸಿಸ್ಟರ್ ಇರಲೇ ಇಲ್ಲ. ಸ್ವಿಚ್ ಹಾಕಿದ ಕ್ಷಣದಲ್ಲಿ ಒಮ್ಮೆ ಪ್ರಖರವಾಗಿ ಬೆಳಗಿ, ಸುಟ್ಟ ವಾಸನೆ ಬಿಟ್ಟು ಆರಿಹೋಯಿತು. ತಂತಿಯನ್ನು ಅಷ್ಟರೊಳಗೆ ಛಾವಣಿಯ ಒಳಗಿನಿಂದ ಹಾಯಿಸಿ ಮೇಲೆ ಕಾಗದ ಅಂಟಿಸಿ ಆಗಿತ್ತು, ಹಾಗಾಗಿ ಆ ಕೋಣೆಯ ಛಾವಣಿಯನ್ನೇ ಕಿತ್ತು ಮತ್ತೆ ಮಾಡಬೇಕಾಯಿತು. ಇಂಥ ದೀಪವನ್ನು ಕೊಳ್ಳುವ ಮುನ್ನ ಅಂಗಡಿಯ ಟ್ರಾನ್ಸ್‌ಫಾರ್ಮರಿಗೇ ಸೇರಿಸಿ ಕೆಲ ನಿಮಿಷ ಉರಿಸಿ ತೋರಿಸುವಂತೆ ಕೇಳಿ.

ಕೈಯಿಂದಲೇ ಮಾಡಿದ್ದು ಎಂದು ಹೆಚ್ಚಿನ ಬೆಲೆಗೆ ಮಾರಿದ ಎರಡು ಹೂಜಿಗಳ ಬಾಯಂಚಿನಲ್ಲಿ, ಒಂದೇ ಜಾಗದಲ್ಲಿ, ಒಂದೇ ಆಕಾರದ ಗುಳಿಯಿತ್ತು. ಅಚ್ಚಿಗೆ ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ದ್ರವವನ್ನು ಹೊಯ್ದು ತೆಗೆದ ವಸ್ತುಗಳವು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಾಗಿಲ್ಲ.

ಕಿಟಕಿ, ಬಾಗಿಲುಗಳನ್ನು ಅಲ್ಲಿಂದ ತರುವವರು ಪ್ರಮಾಣವೊಂದನ್ನೇ ನೋಡಿದರೆ ಸಾಲದು. 10 ಮಿಲಿಮೀಟರ್ ದಪ್ಪದ ಗೋಡೆಗೆಂದು ಮಾಡಿದ ಚೌಕಟ್ಟು 3 ಮಿಲಿಮೀಟರ್ ಪ್ಲೈವುಡ್ ಗೋಡೆಯಲ್ಲಿ ಹೊರಗೆ ಚಾಚಿಕೊಂಡು ನಿಲ್ಲುತ್ತದೆ. ಆದ್ದರಿಂದ ಗೋಡೆಯ ದಪ್ಪವನ್ನೂ ಕಿಂಡಿಯ ಅಗಲ, ಎತ್ತರಗಳನ್ನೂ ಬರೆದುಕೊಂಡು, ಮಿಲಿಮೀಟರ್ ಗೆರೆಗಳಿರುವ ಅಳತೆಪಟ್ಟಿಯೊಂದಿಗೆ ಹೋಗಿ, ಹಣ ಕೊಡುವ ಮೊದಲೇ ಪೊಟ್ಟಣವನ್ನು ಅವರ ಕೈಯಿಂದಲೇ ತೆರೆಸಿ ಅಳೆಯಿರಿ. ರಸೀದಿಯಲ್ಲಿ ಪ್ರಮಾಣವನ್ನೂ ವೋಲ್ಟೇಜನ್ನೂ ಬರೆದುಕೊಡಲು ಅಂಗಡಿಯವರು ಹಿಂಜರಿದರೆ ಅಲ್ಲಿ ಏನನ್ನೂ ಕೊಳ್ಳಬೇಡಿ.