ದವಡೆ ಕೀಲಿನ ನೋವಿಗೆ ಹಲ್ಲು ತೇಯಿಸಿಕೊಳ್ಳುವ ಮುಂಚೆ ಇದನ್ನು ಓದಿ

ಹುಳುಕಿಲ್ಲದ, ಬಿರುಕಿಲ್ಲದ ನನ್ನ ಐದು ಹಲ್ಲುಗಳನ್ನು ಮೆಷಿನ್ ಇಟ್ಟು ತೇಯ್ದರು. ಕಿವಿ ಮುಂದಿನ ನೋವು ಹೋಗುತ್ತೆ ಅಂತ ಹೇಳಿ ತೇಯ್ದರು. ನೋವು ಹೋಗಲಿಲ್ಲ, ಜಾಸ್ತಿ ಆಯಿತು. ಹಲ್ಲಿನ ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ನಿಮಗೂ ಇಂಥ ನೋವಿದ್ದರೆ, ಆ ಕುರ್ಚಿಯಲ್ಲಿ ಒರಗುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ.

ಶುರುವಾಗಿದ್ದು ಒಂದು ಆಕಳಿಕೆಯಿಂದ. ಬಾಯಿ ಅಗಲ ತೆರೆದಾಗ ಬಲಗಿವಿ ಹತ್ತಿರ ಕಟಕ್ ಅಂತು. ಒಂದು ವಾರದಲ್ಲಿ ಕಿವಿಯೊಳಗೇ ನೋವು ಅನ್ನಿಸತೊಡಗಿತು. ಕಿವಿ ಡಾಕ್ಟರು ನೋಡಿ, ಕಿವಿ ಸ್ವಚ್ಛವಾಗಿದೆ ಅಂದರು. ಆದರೂ ಡ್ರಾಪ್ಸ್ ಬರೆದುಕೊಟ್ಟರು. ಆಮೇಲೆ ನೋವು ಮೇಲಿನ ದವಡೆ ಹಲ್ಲಿಗೆ ಇಳಿದ ಹಾಗಾಯಿತು. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೂ ರೂಟ್ ಕೆನಾಲ್ ಆಯಿತು. ನಾಲ್ಕು ದಿನ ಹಗುರ ಅನ್ನಿಸಿತು, ಐದನೇ ದಿನ ಅದೇ ನೋವು.

ಮೂರನೇ ಕಡೆ ಹೋದಾಗ ಸಿಕ್ಕ ಉತ್ತರ ಎಷ್ಟು ಸರಳವಾಗಿತ್ತು ಅಂದರೆ, ನಂಬದೇ ಇರೋಕೆ ಆಗಲಿಲ್ಲ. "ನಿಮ್ಮ ಬೈಟ್ ಸರಿಯಿಲ್ಲ. ಹಲ್ಲು ಏರುಪೇರಾಗಿ ತಾಗಿ ಕೀಲಿನ ಮೇಲೆ ಭಾರ ಬೀಳ್ತಿದೆ. ಸ್ವಲ್ಪ ಲೆವೆಲ್ ಮಾಡಿದರೆ ಸಾಕು." ಬಣ್ಣದ ಕಾಗದ ಕಚ್ಚಿಸಿದರು, ಗುರುತು ಬಿದ್ದ ಕಡೆ ತೇಯ್ದರು. ಇಪ್ಪತ್ತು ನಿಮಿಷದ ಕೆಲಸ. ಕೀಲಿನ ಮೇಲೆ ಅವರು ಒಂದು ಬೆರಳೂ ಇಟ್ಟು ನೋಡಲಿಲ್ಲ ಅನ್ನುವುದು ನನಗೆ ಹೊಳೆದಿದ್ದು ಎಷ್ಟೋ ದಿನ ಕಳೆದ ಮೇಲೆ.

ಮರುದಿನ ಬಾಯಿ ಮುಚ್ಚಿದರೆ ಅದು ನನ್ನ ಬಾಯಿಯೇ ಅಲ್ಲ ಅನ್ನಿಸಿತು. ಹಲ್ಲುಗಳು ಎಲ್ಲಿ ಕೂರಬೇಕು ಅಂತ ದವಡೆ ಹುಡುಕುತ್ತಲೇ ಇತ್ತು. ಹುಡುಕುತ್ತಾ ಹುಡುಕುತ್ತಾ ದಿನವಿಡೀ ಹಲ್ಲು ಒತ್ತಿ ಹಿಡಿಯುವುದು ಜಾಸ್ತಿಯಾಯಿತು. ಮತ್ತೆ ಹೋದೆ. ಎಡಗಡೆ ಇನ್ನೆರಡು ತೇಯ್ದರು. ಆಗ ಕಣತಲೆಯೂ ಸಿಡಿಯಲು ಶುರುವಾಯಿತು. ಬೆಳಗ್ಗೆ ಎದ್ದರೆ ಬಾಯಿಗೆ ಎರಡು ಬೆರಳು ಹೋಗುವುದೂ ಕಷ್ಟ. ಮೂರನೇ ಸಲ ಹೋದಾಗ, ಎಲ್ಲ ಹಲ್ಲಿಗೂ ಕ್ಯಾಪ್ ಹಾಕಿ ಬೈಟ್ ಹೊಸದಾಗಿ ಕಟ್ಟೋಣ ಅಂದರು. ಅಲ್ಲಿಂದ ಎದ್ದು ಬಂದೆ.

ಕೊನೆಗೆ ಮುಖ-ದವಡೆ ನೋವನ್ನೇ ನೋಡುವ ಡಾಕ್ಟರೊಬ್ಬರು ಸಿಕ್ಕರು. ಅವರು ಮೊದಲ ಅರ್ಧ ಗಂಟೆ ಯಾವ ಉಪಕರಣವನ್ನೂ ಕೈಗೆತ್ತಿಕೊಳ್ಳಲಿಲ್ಲ. ಎರಡೂ ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಸಿ ಮುಚ್ಚಿಸಿದರು. ಕೆನ್ನೆಯ ಸ್ನಾಯು ಒತ್ತಿದರು. ಒತ್ತಿದ ತಕ್ಷಣ ನನ್ನ ಆ 'ಕಿವಿ ನೋವು' ಹಾಗೇ ಎದ್ದು ಬಂತು! ಬಾಯಿ ಎಷ್ಟು ತೆರೆಯುತ್ತೆ ಅಂತ ಸ್ಕೇಲಿನಲ್ಲಿ ಅಳೆದರು. ದೊಡ್ಡವರಿಗೆ ಸಾಮಾನ್ಯವಾಗಿ 40 ಮಿಲಿಮೀಟರ್‌ಗಿಂತ ಹೆಚ್ಚು, ಅಂದರೆ ಸುಮಾರು ಮೂರು ಬೆರಳಿನಷ್ಟು ತೆರೆಯಬೇಕು. ನನ್ನದು 28 ಇತ್ತು. ಆಮೇಲೆ ಕೇಳಿದರು: "ಈಗ, ಈ ಕ್ಷಣ, ನಿಮ್ಮ ಮೇಲಿನ ಹಲ್ಲು ಕೆಳಗಿನ ಹಲ್ಲು ತಾಗಿಕೊಂಡಿದೆಯಾ?" ತಾಗಿಕೊಂಡಿತ್ತು. ಅದೇ ತಪ್ಪು ಅಂತ ನನಗೆ ಅಲ್ಲಿಯವರೆಗೆ ಗೊತ್ತೇ ಇರಲಿಲ್ಲ. ಅಗಿಯುವಾಗ, ನುಂಗುವಾಗ ಬಿಟ್ಟರೆ ಹಲ್ಲುಗಳ ನಡುವೆ ಒಂದೆರಡು ಮಿಲಿಮೀಟರ್ ಜಾಗ ಇರಬೇಕು. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ.

ಈ ಕೀಲಿನ ಬಗ್ಗೆ ಅವರು ಹೇಳಿದ್ದನ್ನು ನಾನೂ ಹೇಳಿಬಿಡುತ್ತೇನೆ, ಯಾಕೆಂದರೆ ಇದು ಗೊತ್ತಿದ್ದರೆ ನಾನು ಮೋಸ ಹೋಗುತ್ತಿರಲಿಲ್ಲ. ಕಿವಿಯ ಮುಂದೆಯೇ ಕೆಳದವಡೆ ತಲೆಬುರುಡೆಗೆ ಸೇರುತ್ತದೆ. ಇದು ಬಾಗಿಲ ತಿರುಗಣಿಯ ಹಾಗೆ ತಿರುಗುವುದಷ್ಟೇ ಅಲ್ಲ, ಮುಂದಕ್ಕೆ ಜಾರುತ್ತದೆ ಕೂಡ. ನಡುವೆ ಒಂದು ಮೆತ್ತನೆ ಬಿಲ್ಲೆ ಇರುತ್ತದೆ. ಅದು ಸ್ವಲ್ಪ ಸರಿದು ಮತ್ತೆ ಜಾಗಕ್ಕೆ ಬಂದಾಗಲೇ ಸಾಮಾನ್ಯವಾಗಿ ಆ ಕಟಕ್ ಸದ್ದು. ನೋವಿಲ್ಲದೆ ಸುಮ್ನೆ ಸದ್ದು ಮಾತ್ರ ಬರುತ್ತಿದ್ದರೆ ಚಿಕಿತ್ಸೆಯೇ ಬೇಡ. ಎಷ್ಟೋ ಜನರಿಗೆ ಅದು ಇರುತ್ತದೆ. ಇನ್ನು ನೋವು ಬಹಳಷ್ಟು ಸಲ ಕೀಲಿನದ್ದಲ್ಲ, ದವಡೆ ಎಳೆಯುವ ಸ್ನಾಯುಗಳದ್ದು. ಕೆನ್ನೆ ಸ್ನಾಯು ದಣಿದರೆ ನೋವು ಹಲ್ಲಿನಲ್ಲಿ, ಕಿವಿಯಲ್ಲಿ, ಕಣತಲೆಯಲ್ಲಿ ಕಾಣಿಸಿಕೊಳ್ಳುತ್ತದೆ. ನಾವು ಅಲ್ಲಿ ಹುಡುಕುತ್ತೇವೆ, ಬೇನೆ ಇರುವುದು ಇಲ್ಲಿ.

ಹಲ್ಲಿನ ಜೋಡಣೆಯೇ ಎಲ್ಲಕ್ಕೂ ಕಾರಣ ಅನ್ನುವ ನಂಬಿಕೆ ಹಳೆಯದು. 1934ರಲ್ಲಿ ಜೇಮ್ಸ್ ಕಾಸ್ಟೆನ್ ಎಂಬ ಕಿವಿ-ಗಂಟಲು ವೈದ್ಯರು, ಹಲ್ಲು ಹೋದವರ ದವಡೆ ಹಿಂದಕ್ಕೆ ಒತ್ತಿ ಕಿವಿ ನೋವು ತರುತ್ತದೆ ಅಂದಿದ್ದರು. ಆ ವಿವರಣೆ ಮುಂದೆ ನಿಲ್ಲಲಿಲ್ಲ, ಆದರೆ ಬೈಟ್ ಸರಿ ಮಾಡುವ ಹುಮ್ಮಸ್ಸು ಉಳಿದುಕೊಂಡಿತು. ಆತುರದ ಚಿಕಿತ್ಸೆ ಇದಕ್ಕಿಂತ ಘೋರವಾದದ್ದೂ ಇದೆ. 1980ರ ದಶಕದಲ್ಲಿ ಅಮೆರಿಕದಲ್ಲಿ ಕೀಲಿನ ಬಿಲ್ಲೆ ತೆಗೆದು ಟೆಫ್ಲಾನ್ ಲೇಪದ ಇಂಪ್ಲಾಂಟ್ ಹಾಕಿದರು. ಅವು ಒಳಗೇ ಚೂರಾಗಿ ಸುತ್ತಲಿನ ಮೂಳೆಯನ್ನೇ ತಿಂದವು. 1990ರ ದಶಕದ ಆರಂಭದಲ್ಲಿ ಅವನ್ನು ವಾಪಸ್ ಪಡೆಯಬೇಕಾಯಿತು. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನಗೆ ಕೊನೆಗೆ ಸಿಕ್ಕ ಚಿಕಿತ್ಸೆ ತುಂಬಾ ಸಾದಾ. ಕೆಲವು ವಾರ ಮೆತ್ತಗಿನ ಊಟ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ, ಹದಿನೈದು ನಿಮಿಷ. ಸ್ವಲ್ಪ ದಿನ ನೋವಿನ ಮಾತ್ರೆ. ಆಕಳಿಕೆ ಬಂದರೆ ಗಲ್ಲದ ಕೆಳಗೆ ಕೈ. ನಾಲಿಗೆ ತುದಿಯನ್ನು ಅಂಗುಳಕ್ಕೆ ಒತ್ತಿ ನಿಧಾನ ಬಾಯಿ ತೆರೆಯುವ ವ್ಯಾಯಾಮವನ್ನು ಫಿಸಿಯೋಥೆರಪಿಸ್ಟ್ ಎದುರು ಕೂತು ಕಲಿತೆ. ರಾತ್ರಿ ಹಲ್ಲು ಕಡಿಯುತ್ತೇನೆ ಅಂತ ನೈಟ್ ಗಾರ್ಡ್, ಅಂದರೆ ಮಲಗುವಾಗ ಹಲ್ಲಿನ ಮೇಲೆ ಕೂರಿಸಿಕೊಳ್ಳುವ ಕವಚ, ಕೊಟ್ಟರು. ಅದು ಕಡಿಯುವುದನ್ನು ನಿಲ್ಲಿಸುವುದಿಲ್ಲ, ಹಲ್ಲು ಸವೆಯದಂತೆ ಕಾಯುತ್ತದೆ ಅಷ್ಟೆ ಅಂತ ಮೊದಲೇ ಹೇಳಿದರು. ಎಲ್ಲ ಹಲ್ಲನ್ನೂ ಮುಚ್ಚುವಂಥದ್ದೇ ಆಗಬೇಕು. ಮುಂದಿನ ಕೆಲವು ಹಲ್ಲಿಗೆ ಮಾತ್ರ ಕೂರುವುದನ್ನು ಬಹಳ ಕಾಲ ಹಾಕಿದರೆ ಉಳಿದ ಹಲ್ಲು ಜಾಗ ಬದಲಿಸಬಹುದು. ತಿಂಗಳುಗಟ್ಟಲೆ ಇರುವ ನೋವಿಗೆ 2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಮಾರ್ಗಸೂಚಿ ಕೂಡ ಕಲಿಸಿಕೊಡುವ ವ್ಯಾಯಾಮ, ಕೈಯಿಂದ ದವಡೆ ಸಡಿಲಿಸುವುದು, ಆಪ್ತಸಲಹೆಯಂಥ ದಾರಿಗಳನ್ನೇ ಮುಂದಿಡುತ್ತದೆ.

ಹಾಗಂತ ಎಲ್ಲ ದವಡೆ ನೋವೂ ಇದೇ ಅಂದುಕೊಳ್ಳಬೇಡಿ. ದವಡೆ ನೋವಿನ ಜೊತೆ ಎದೆ ಬಿಗಿತ, ಬೆವರು, ಉಸಿರಾಟದ ಕಷ್ಟ ಇದ್ದರೆ ಅದು ಹೃದಯಾಘಾತ ಇರಬಹುದು, ತಕ್ಷಣ ತುರ್ತು ವಿಭಾಗಕ್ಕೆ ಹೋಗಿ. ಐವತ್ತು ದಾಟಿದವರಿಗೆ ಹೊಸದಾಗಿ ಕಣತಲೆ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ರಕ್ತನಾಳದ ಉರಿಯೂತದಲ್ಲಿ ಹೀಗಾಗುತ್ತದೆ, ತಡವಾದರೆ ದೃಷ್ಟಿಯೇ ಹೋಗಬಹುದು. ಜ್ವರ, ಊತ, ದವಡೆ ಲಾಕ್ ಆಗಿ ಬಿಡದಿರುವುದು, ಇವಕ್ಕೂ ಕಾಯಬೇಡಿ.

ಉಳಿದಂತೆ, ತೇಯೋಣ, ಕ್ಯಾಪ್ ಹಾಕೋಣ, ಕ್ಲಿಪ್ ಹಾಕಿ ಬೈಟ್ ಬದಲಿಸೋಣ, ಆಪರೇಷನ್ ಮಾಡೋಣ ಅಂತ ಮೊದಲ ಭೇಟಿಯಲ್ಲೇ ಯಾರಾದರೂ ಅಂದರೆ ಒಂದೇ ಪ್ರಶ್ನೆ ಕೇಳಿ: "ಇದರಿಂದ ನೋವು ಹೋಗದಿದ್ದರೆ ಮೊದಲಿನ ಹಾಗೆ ಮಾಡಿಕೊಡೋಕೆ ಆಗುತ್ತಾ?" ಆಗಲ್ಲ ಅಂದರೆ ಮನೆಗೆ ಬನ್ನಿ, ಇನ್ನೊಬ್ಬರನ್ನು ಕೇಳಿ.

ನನ್ನ ನೋವು ತಗ್ಗೋಕೆ ಹತ್ತು ವಾರ ಹಿಡಿಯಿತು. ಈಗ ಬಾಯಿಗೆ ಮೂರು ಬೆರಳು ಹೋಗುತ್ತವೆ. ತಣ್ಣೀರು ಕುಡಿದರೆ ತೇಯಿಸಿಕೊಂಡ ಹಲ್ಲುಗಳು ಮಾತ್ರ ಇವತ್ತಿಗೂ ಜುಂ ಅನ್ನುತ್ತವೆ.