ಹಳೇ ಮೆಟಡಾರ್ ಬಾಡಿಯ ತುಕ್ಕಿಗೆ ಯಾವುದು ಸರಿ: ಕನ್ವರ್ಟರ್, ಫೈಬರ್, ವೆಲ್ಡಿಂಗ್?

ಮೊದಲು ಸ್ಕ್ರೂಡ್ರೈವರ್ ಹಿಡಿದು ತುಕ್ಕಿನ ಜಾಗ ಚುಚ್ಚಿ ನೋಡಿ. ಮೊನೆ ಒಳಗೆ ಇಳಿಯದಿದ್ದರೆ ತಗಡು ಇನ್ನೂ ಗಟ್ಟಿ ಇದೆ. ಅಂಥ ಕಡೆ ರಸ್ಟ್ ಕನ್ವರ್ಟರ್ (ತುಕ್ಕನ್ನು ಕಪ್ಪು ಪದರವಾಗಿಸುವ ದ್ರಾವಣ) ಸಾಕು, ಖರ್ಚೂ ಕಮ್ಮಿ. ವೈರ್ ಬ್ರಷ್‌ನಲ್ಲಿ ಉಜ್ಜಿ, ಹಚ್ಚಿ, ಕಪ್ಪಗಾದ ಮೇಲೆ ಪ್ರೈಮರ್ ಹೊಡೆಯಿರಿ. ತೂತು ಮಾತ್ರ ಮುಚ್ಚಲ್ಲ.

ತೂತಿದ್ದರೆ ಫೈಬರ್ ಸುಲಭ. ಗಾಜಿನ ನಾರಿನ ಮ್ಯಾಟ್, ಅದನ್ನು ಅಂಟಿಸಿ ಗಟ್ಟಿ ಮಾಡುವ ರೆಸಿನ್, ಮೇಲೆ ಪುಟ್ಟಿ. ಮನೆ ಮುಂದೆಯೇ ಆಗುತ್ತದೆ. ಬಾಳಿಕೆಯೇ ಚಿಂತೆ. ಪುಟ್ಟಿ ತೇವ ಹೀರುತ್ತದೆ. ಹಿಂದೆ ತುಕ್ಕು ಉಳಿದಿದ್ದರೆ ಬೆಂಗಳೂರಿನ ಮಳೆಗೆ ಪೇಂಟ್ ಗುಳ್ಳೆ ಏಳುತ್ತದೆ. ಬಾಗಿಲು, ಕಿಟಕಿ ಕೆಳಗಿನ ಸಣ್ಣ ತೂತಿಗೆ, ಸದ್ಯಕ್ಕೆ ಓಡಿಸಬೇಕು ಅನ್ನುವವರಿಗೆ ಇದು ಪರವಾಗಿಲ್ಲ.

ಫ್ಲೋರ್, ಚಾಸಿ, ಸೀಟ್ ಬೆಲ್ಟ್ ಕೂರುವ ಜಾಗಕ್ಕೆ ಫೈಬರ್ ಬೇಡವೇ ಬೇಡ, ಜೀವದ ವಿಷಯ ಅಲ್ವಾ. ಅಲ್ಲಿ ಒಳ್ಳೆ ತಗಡು ಸಿಗುವವರೆಗೂ ಕತ್ತರಿಸಿ ಹೊಸದನ್ನು ವೆಲ್ಡ್ ಮಾಡಬೇಕು. ವೆಲ್ಡ್ ಒಂದೇ ಸಮ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಚುಕ್ಕಿ ಚುಕ್ಕಿಯಾಗಿ, ಜಾಗ ಬದಲಿಸುತ್ತಾ ಹಾಕಿ. ಬ್ಯಾಟರಿ ವೈರ್ ಬಿಚ್ಚಿಡಿ. ಕೈ ಪಳಗಿಲ್ಲವೇ? ಉಜ್ಜುವ ಕೆಲಸ ನೀವೇ ಮುಗಿಸಿ, ವೆಲ್ಡಿಂಗ್‌ಗೆ ಟಿಂಕರಿಂಗ್ ಮೇಸ್ತ್ರಿಯನ್ನು ಕರೆಸಿ. ದುಡ್ಡೂ ಉಳಿಯುತ್ತದೆ.