ವೇಲ್ ಮಾರಿಲ್ಲ ಅಂತ ನಂಬಿ ಕಾಯಿನ್ ಹಿಡಿದು ಕೂರಬೇಡಿ

ಸಣ್ಣಪುಟ್ಟ ಕ್ರಿಪ್ಟೋ ಕಾಯಿನ್‌ಗಳಲ್ಲಿ ದುಡ್ಡು ಹಾಕಿರುವವರು, ಹಾಕೋಣ ಅಂತ ಯೋಚಿಸುತ್ತಿರುವವರು ದಯವಿಟ್ಟು ಓದಿ. ವೇಲ್ ಅಂದರೆ ಒಂದು ಕಾಯಿನ್‌ನ ದೊಡ್ಡ ಪಾಲು ಇಟ್ಟುಕೊಂಡಿರುವ ದೊಡ್ಡ ಕುಳ. ಅದರಲ್ಲೂ ನಮ್ಮ ಕೊಡಗಿನವರು. ನಾನಿದ್ದ ಟೆಲಿಗ್ರಾಂ ಗ್ರೂಪ್‌ನಲ್ಲಿ ಗೋಣಿಕೊಪ್ಪ, ಸಿದ್ದಾಪುರ, ಸೋಮವಾರಪೇಟೆ ಕಡೆಯವರೇ ಎಷ್ಟೋ ಜನ ಇದ್ದರು. ಕಾಫಿಗೆ ಒಳ್ಳೆ ರೇಟು ಬಂದಿತ್ತು, ಕೈಯಲ್ಲಿ ಕಾಸಿತ್ತು, ಅದು ಹೊರಗಿನವರಿಗೂ ಗೊತ್ತಿತ್ತು.

ನಾನು ಹಾಕಿದ್ದು ಕಾಳುಮೆಣಸು ಮಾರಿದ ದುಡ್ಡು. ಕಾಯಿನ್ ಹೆಸರು ಇಲ್ಲಿ ಬೇಡ. ರೇಟು ಏರುತ್ತಲೇ ಇತ್ತು. ಅಡ್ಮಿನ್ ದಿನಾ ಬೆಳಿಗ್ಗೆ ದೊಡ್ಡ ವಾಲೆಟ್‌ಗಳ (ಕಾಯಿನ್ ಇಡುವ ಖಾತೆಗಳ) ಸ್ಕ್ರೀನ್‌ಶಾಟ್ ಹಾಕುತ್ತಿದ್ದ. "ನೋಡಿ, ವೇಲ್‌ಗಳು ಒಂದು ಕಾಯಿನ್ ಕೂಡ ಮಾರಿಲ್ಲ, ನೀವ್ಯಾಕೆ ಹೆದರ್ತೀರಿ?" ಅವನು ಹೇಳಿದ್ದು ಸುಳ್ಳಲ್ಲ. ನಾನೇ ಚೆಕ್ ಮಾಡಿದ್ದೆ, ನಿಜವಾಗಿಯೂ ಮಾರಿರಲಿಲ್ಲ. ಅಡ ಇಟ್ಟಿದ್ದರು!

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕಾಯಿನ್‌ನ ಮುಕ್ಕಾಲು ಪಾಲು ಒಬ್ಬನ ಕೈಯಲ್ಲಿದೆ ಅಂದುಕೊಳ್ಳಿ. ಅದರಲ್ಲಿ ಸ್ವಲ್ಪವನ್ನು ಸಾಲ ಕೊಡುವ ಪ್ಲಾಟ್‌ಫಾರ್ಮ್‌ನಲ್ಲಿ ಅಡ ಇಟ್ಟು ಸ್ಟೇಬಲ್‌ಕಾಯಿನ್ (ಡಾಲರ್ ಬೆಲೆಗೆ ಕಟ್ಟಿಹಾಕಿದ ಕಾಯಿನ್) ಎತ್ತುತ್ತಾನೆ. ಆ ಸಾಲದಲ್ಲಿ ಅದೇ ಕಾಯಿನ್ ಕೊಳ್ಳುತ್ತಾನೆ. ಮಾರ್ಕೆಟ್‌ನಲ್ಲಿ ಮಾಲು ಕಮ್ಮಿ, ಹಾಗಾಗಿ ಸ್ವಲ್ಪ ದುಡ್ಡಿಗೇ ರೇಟು ಜಿಗಿಯುತ್ತದೆ. ಬೀಳುತ್ತೆ ಅಂತ ಶಾರ್ಟ್ ಹೊಡೆದವರು, ಅಂದರೆ ಕೈಯಲ್ಲಿಲ್ಲದ ಕಾಯಿನ್ ಮೊದಲೇ ಮಾರಿದವರು, ಲಿಕ್ವಿಡೇಟ್ ಆಗಿ (ನಷ್ಟ ಮಿತಿ ಮೀರಿ ಅವರ ವ್ಯವಹಾರವನ್ನೇ ಮುಚ್ಚಿಸಿ) ಬಲವಂತವಾಗಿ ಕೊಳ್ಳಬೇಕಾಗುತ್ತದೆ, ಇನ್ನೂ ಏರುತ್ತದೆ. ಏರಿದ ರೇಟಿಗೆ ಅಡ ಇಟ್ಟ ಮಾಲಿನ ಬೆಲೆಯೂ ಏರಿತಲ್ಲ, ಮತ್ತೆ ಜಾಸ್ತಿ ಸಾಲ. ಗೋಡೌನ್ ತುಂಬಾ ಕಾಫಿ ಇಟ್ಟುಕೊಂಡವನು ತನ್ನ ಭಾವನಿಂದಲೇ ಎರಡು ಮೂಟೆ ಡಬಲ್ ರೇಟಿಗೆ ಕೊಂಡು, ಆ ಬಿಲ್ ತೋರಿಸಿ ಇಡೀ ಗೋಡೌನ್ ಮೇಲೆ ಸಾಲ ಕೇಳಿದ ಹಾಗೆ. ನಮ್ಮ ಸೊಸೈಟಿಯಲ್ಲಿ ಆ ಬಿಲ್ ನೋಡಿ ನಗುತ್ತಾರೆ. ಅಲ್ಲಿ ಸಾಲ ಕೊಡುವುದು ಒಂದು ಪ್ರೋಗ್ರಾಂ, ಅದು ರೇಟು ಓದುತ್ತದೆ ಅಷ್ಟೇ.

ಕೊನೆಗೆ ಅವನು ಸಾಲ ತೀರಿಸುವುದೇ ಇಲ್ಲ. ಒಳ್ಳೆ ದುಡ್ಡು ಅವನ ಕಡೆ, ಕಾಯಿನ್ ಸಾಲ ಕೊಟ್ಟವರ ಕಡೆ. ಪ್ರೋಗ್ರಾಂ ಆ ರಾಶಿಯನ್ನು ಒಂದೇ ಸಲ ಮಾರಲು ಹೋಗುತ್ತದೆ, ಕೊಳ್ಳುವವರು ಯಾರೂ ಇರುವುದಿಲ್ಲ. ನನ್ನ ಕಾಯಿನ್ ಬಿದ್ದ ರಾತ್ರಿ ಮಳೆಗೆ ಕರೆಂಟಿಲ್ಲ, ಟವರ್ ಇಲ್ಲ. ನೆಟ್‌ವರ್ಕ್ ಬಂದು ಆ್ಯಪ್ ತೆಗೆಯುವಷ್ಟರಲ್ಲಿ ಮುಗಿದಿತ್ತು. ಇಷ್ಟಕ್ಕೆ ಇಳಿದರೆ ತಾನೇ ಮಾರು ಅಂತ ಮೊದಲೇ ಸ್ಟಾಪ್ ಲಾಸ್ ಹಾಕಿದ್ದವರಿಗೂ ಹೇಳಿದ ರೇಟು ಸಿಕ್ಕಿರಲಿಲ್ಲ, ಆದ್ದರಿಂದ ಬರೀ ಮಳೆಯನ್ನು ಬೈದು ಪ್ರಯೋಜನವಿಲ್ಲ.

ಇದು ನನ್ನ ಊಹೆ ಅನ್ನುವವರು ಮ್ಯಾಂಗೋ ಮಾರ್ಕೆಟ್ಸ್ ಅನ್ನುವ ಕ್ರಿಪ್ಟೋ ವ್ಯಾಪಾರ, ಸಾಲದ ಪ್ಲಾಟ್‌ಫಾರ್ಮ್ ಕಥೆ ಹುಡುಕಿ ಓದಿ. 2022ರ ಅಕ್ಟೋಬರ್‌ನಲ್ಲಿ ಅವ್ರಹಾಂ ಐಸೆನ್‌ಬರ್ಗ್ ಅನ್ನುವವನು ಎರಡು ಅಕೌಂಟ್‌ಗಳಲ್ಲಿ ತನ್ನೊಂದಿಗೆ ತಾನೇ ವ್ಯಾಪಾರ ಮಾಡಿಕೊಂಡು, ಆಮೇಲೆ ಆ ಪ್ಲಾಟ್‌ಫಾರ್ಮ್‌ನದೇ ಕಾಯಿನ್ ಕೊಂಡು ರೇಟು ಹಲವು ಪಟ್ಟು ಏರಿಸಿದ. ಹಾಗೆ ಒಂದು ಅಕೌಂಟ್‌ನಲ್ಲಿ ಕಂಡ ಲಾಭವನ್ನೇ ಅಡ ತೋರಿಸಿ ಸುಮಾರು 11 ಕೋಟಿ ಡಾಲರ್ 'ಸಾಲ' ಎತ್ತಿದ. 2024ರಲ್ಲಿ ಜ್ಯೂರಿ ತಪ್ಪಿತಸ್ಥ ಅಂದಿತು, 2025ರಲ್ಲಿ ಜಡ್ಜ್ ಅದನ್ನು ರದ್ದು ಮಾಡಿದರು! ಎಫ್‌ಟಿಎಕ್ಸ್ ಅನ್ನುವ ದೊಡ್ಡ ಕ್ರಿಪ್ಟೋ ಎಕ್ಸ್‌ಚೇಂಜ್ ಮುಳುಗಿದ್ದರಲ್ಲೂ ಇದರ ವಾಸನೆ ಇದೆ. ಅದರ ಸೋದರ ಕಂಪನಿ ಅಲಮೇಡಾ, ಎಫ್‌ಟಿಎಕ್ಸ್‌ನದೇ ಕಾಯಿನ್ ಆದ ಎಫ್‌ಟಿಟಿ ಟೋಕನ್ ಅಡ ಇಟ್ಟು ಸಾಲ ಎತ್ತಿತ್ತು. 2022ರ ನವೆಂಬರ್‌ನಲ್ಲಿ ಆ ಟೋಕನ್ ಬಿತ್ತು, ಎಲ್ಲವೂ ಬಿತ್ತು.

ಷೇರಿನಲ್ಲಾದರೆ ಪ್ರಮೋಟರ್ (ಕಂಪನಿ ನಡೆಸುವ ಮುಖ್ಯ ಮಾಲೀಕ) ಷೇರು ಅಡ ಇಟ್ಟರೆ ಎಕ್ಸ್‌ಚೇಂಜ್‌ಗೆ ತಿಳಿಸಲೇಬೇಕು, ನಾವೂ ನೋಡಬಹುದು. ಕ್ರಿಪ್ಟೋದಲ್ಲಿ ಆ ಕಟ್ಟುಪಾಡಿಲ್ಲ. ಮೇಲೆ ಟ್ಯಾಕ್ಸ್ ಬೇರೆ. ಬಿಟ್‌ಕಾಯಿನ್‌ನಲ್ಲಿ ಬಂದ ಚೂರುಪಾರು ಲಾಭಕ್ಕೆ 30% ಕಟ್ಟಬೇಕು, ಈ ನಷ್ಟವನ್ನು ಅದರಲ್ಲಿ ಕಳೆಯುವ ಹಾಗಿಲ್ಲ.

ಹಾಕಲೇಬೇಕು ಅನ್ನುವವರು ಮೊದಲು ಎಕ್ಸ್‌ಪ್ಲೋರರ್‌ನಲ್ಲಿ (ಕಾಯಿನ್ ಯಾವ ವಾಲೆಟ್‌ನಲ್ಲಿ ಎಷ್ಟಿದೆ ಅಂತ ತೋರಿಸುವ ವೆಬ್‌ಸೈಟ್) ಹೋಲ್ಡರ್ಸ್ ಪಟ್ಟಿ ತೆಗೆಯಿರಿ. ಮೇಲಿನ ಹತ್ತು ವಾಲೆಟ್‌ಗಳಲ್ಲೇ ಹೆಚ್ಚಿನ ಪಾಲಿದ್ದರೆ ಅಲ್ಲೇ ಬಿಡಿ. ಆ ಕಾಯಿನ್ ಯಾವ ಸಾಲದ ಪ್ಲಾಟ್‌ಫಾರ್ಮ್‌ನಲ್ಲಿ ಅಡಕ್ಕೆ ನಡೆಯುತ್ತದೆ, ಎಷ್ಟು ಇಟ್ಟಿದ್ದಾರೆ ನೋಡಿ. ದೊಡ್ಡ ವಾಲೆಟ್‌ನಿಂದ ಕಾಯಿನ್ ಅಲ್ಲಿಗೆ ಹೋಗುತ್ತಿದ್ದರೆ ಅದನ್ನು ಮಾರಾಟ ಅಂತಲೇ ಲೆಕ್ಕ ಹಿಡಿಯಿರಿ. ಆರ್ಡರ್ ಬುಕ್‌ನಲ್ಲಿ (ಯಾರು ಯಾವ ರೇಟಿಗೆ ಎಷ್ಟು ಕೊಳ್ಳಲು, ಮಾರಲು ಕೇಳಿದ್ದಾರೆ ಅನ್ನುವ ಪಟ್ಟಿ) ಕೊಳ್ಳುವವರ ಕಡೆ ಎಷ್ಟು ದುಡ್ಡಿದೆ ಅಂತಲೂ ನೋಡಿ. ಆ್ಯಪ್ ತೋರಿಸುವ ರೇಟಿಗೂ ನಿಮ್ಮ ಕೈಗೆ ಬರುವ ದುಡ್ಡಿಗೂ ಇರುವ ಅಂತರ ಅಲ್ಲಿ ಗೊತ್ತಾಗುತ್ತದೆ.

ಅದೇ ಅಡ್ಮಿನ್ ಈಗ ಇನ್ನೊಂದು ಕಾಯಿನ್‌ಗೆ ಗ್ರೂಪ್ ಮಾಡಿದ್ದಾನೆ. ಮತ್ತೆ ಅದೇ ಸ್ಕ್ರೀನ್‌ಶಾಟ್. "ಅಡ ಎಷ್ಟಿದೆ?" ಅಂತ ಕೇಳಿದೆ. ಉತ್ತರ ಬರಲಿಲ್ಲ, ನನ್ನನ್ನು ಗ್ರೂಪ್‌ನಿಂದ ತೆಗೆದರು. ಮೂರ್ನಾಡಿನ ನನ್ನ ಪರಿಚಯದವರಿಬ್ಬರು ಇನ್ನೂ ಅದರಲ್ಲಿದ್ದಾರೆ. ಫೋನ್ ಮಾಡಿ ಹೇಳಿದ್ದೇನೆ, "ಇನ್ನೊಂದು ವಾರ ನೋಡ್ತೀವಿ" ಅಂದರು.